ಸರಾಸರಿಯಲ್ಲಿ ಸಿಗದ ಹೊಲ

ದ್ವಿತೀಯ ಪಿಯುಸಿ, ಕಲಾ ವಿಭಾಗ

ಭೂಗೋಳದ ಪ್ರಾಯೋಗಿಕ ತರಗತಿಯಲ್ಲಿ ಸಂಖ್ಯಾಶಾಸ್ತ್ರದ ಭಾಗ ಶುರುವಾದಾಗ ನಮ್ಮ ಕ್ಲಾಸಿನಲ್ಲಿ ಗೊಣಗಾಟ ಎದ್ದಿತು. ಲೆಕ್ಕದ ಕಾಟ ಬೇಡವೆಂದು ಕಲಾ ವಿಭಾಗಕ್ಕೆ ಸೇರಿದವರೇ ಇಲ್ಲಿ ಹೆಚ್ಚು. ಬೆಟ್ಟ, ನದಿ, ಮಣ್ಣು, ಮಳೆ ಓದುವ ಪಾಠದಲ್ಲಿ ಸರಾಸರಿ, ಮಧ್ಯಾಂಕ, ಮಾನಕ ವಿಚಲನೆ ಯಾಕೆ ಬೇಕು ಎಂಬುದು ಹಿಂದಿನ ಬೆಂಚಿನವರ ಪ್ರಶ್ನೆ. ನಮ್ಮ ಸರ್ ಅದಕ್ಕೆ ಉತ್ತರ ಹೇಳಲಿಲ್ಲ. ಬೋರ್ಡಿನ ಮೇಲೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂದು ನಾಲ್ಕು ಹೆಸರು ಬರೆದು, "ಈ ನಾಲ್ಕಕ್ಕೂ ಏನು ಸಂಬಂಧ?" ಎಂದು ಕೇಳಿದರು.

ಕಡಲೆಕಾಯಿ, ಬರ, ಒಂದೇ ಬಸ್ಸು ಎಂದೆಲ್ಲ ಉತ್ತರಗಳು ಬಂದವು. "ಎಲ್ಲ ಸರಿ. ಎಸ್ಸೆಸ್ಸೆಲ್ಸಿ ಬರೆದಾಗ ನಿಮ್ಮ ಜಿಲ್ಲೆ ಯಾವುದಿತ್ತು?" ಎಂದಾಗ ಎಲ್ಲರಿಗೂ ಹೊಳೆಯಿತು. ಕಂದಾಯದ ಲೆಕ್ಕಕ್ಕೆ ನಾವು ತುಮಕೂರು ಜಿಲ್ಲೆಯವರು. ಶಾಲಾ ಶಿಕ್ಷಣದ ಲೆಕ್ಕಕ್ಕೆ ಈ ನಾಲ್ಕು ತಾಲ್ಲೂಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ರಾಜ್ಯದಲ್ಲಿ ಕಂದಾಯ ಜಿಲ್ಲೆ 31, ಶೈಕ್ಷಣಿಕ ಜಿಲ್ಲೆ 35. ಫಲಿತಾಂಶದ ಮರುದಿನ ಪತ್ರಿಕೆಯಲ್ಲಿ ಬರುವ ಪಟ್ಟಿಯಲ್ಲಿ ತುಮಕೂರು ಒಂದು ಸಾಲು, ಮಧುಗಿರಿ ಇನ್ನೊಂದು ಸಾಲು.

"ಹಾಗಾದರೆ ನಾಲ್ಕು ತಾಲ್ಲೂಕಿನ ಶೇಕಡಾವಾರು ಫಲಿತಾಂಶ ಕೂಡಿಸಿ ನಾಲ್ಕರಿಂದ ಭಾಗಿಸಿದರೆ ಮಧುಗಿರಿಯ ಫಲಿತಾಂಶ ಸಿಗುತ್ತದೆಯೇ?" ಇದು ಎರಡನೆಯ ಪ್ರಶ್ನೆ. ಕೆಲವರು ಹೌದು ಎಂದರು. ಸರ್ ಒಂದು ಸಣ್ಣ ಲೆಕ್ಕ ಕೊಟ್ಟರು. ಒಂದು ಶಾಲೆಯಲ್ಲಿ 10 ಮಕ್ಕಳು, ಹತ್ತೂ ಜನ ಪಾಸು. ಇನ್ನೊಂದರಲ್ಲಿ 100 ಮಕ್ಕಳು, 50 ಜನ ಪಾಸು. ಶೇಕಡಾವಾರು ನೋಡಿದರೆ 100 ಮತ್ತು 50. ಅವೆರಡರ ಸರಾಸರಿ 75. ಆದರೆ ತಲೆ ಎಣಿಸಿದರೆ 110 ಮಕ್ಕಳಲ್ಲಿ ಪಾಸಾದವರು 60, ಅಂದರೆ ಶೇ. 54.5. ಶಿರಾ ದೊಡ್ಡ ತಾಲ್ಲೂಕು, ಕೊರಟಗೆರೆ ಚಿಕ್ಕದು. ಎರಡಕ್ಕೂ ಒಂದೇ ತೂಕ ಕೊಟ್ಟರೆ ಲೆಕ್ಕ ಮಾತ್ರ ಸರಿ ಇರುತ್ತದೆ, ಉತ್ತರ ಸರಿ ಇರುವುದಿಲ್ಲ. ಅಂದಿನಿಂದ ಗೊಣಗಾಟ ಸ್ವಲ್ಪ ಕಡಿಮೆಯಾಯಿತು. ಲೆಕ್ಕ ಸುಲಭವಾಯಿತು ಅಂತಲ್ಲ, ಲೆಕ್ಕದೊಳಗೆ ನಮ್ಮ ಊರು ಕಾಣಿಸಿತು.

ಮುಂದಿನ ವಾರ ಮಳೆ. 'ಜಿಲ್ಲಾ ಅಂಕಿ ಅಂಶಗಳ ನೋಟ' ಎಂಬ ಸರ್ಕಾರಿ ಪುಸ್ತಕದಲ್ಲಿ ತಾಲ್ಲೂಕುವಾರು ಮಳೆಯ ಅಳತೆ ಸಿಗುತ್ತದೆ. ಕರ್ನಾಟಕದಲ್ಲಿ ವರ್ಷಕ್ಕೆ ಬೀಳುವ ಮಳೆಯ ಸರಾಸರಿ ಸುಮಾರು 1150 ಮಿ.ಮೀ. ಪಾವಗಡದ್ದು ಅದರ ಅರ್ಧದಷ್ಟು. ಮೊದಲು ನೋಡಿದಾಗ ನಾವು ಎಷ್ಟು ಹಿಂದೆ ಬಿದ್ದಿದ್ದೇವೆ ಅನಿಸುತ್ತದೆ. ಆದರೆ ರಾಜ್ಯದ ಸರಾಸರಿಯನ್ನು ಮೇಲಕ್ಕೆ ಎಳೆದು ಹಿಡಿದಿರುವುದು ಕರಾವಳಿ ಮತ್ತು ಮಲೆನಾಡು. ಆಗುಂಬೆಯಂಥ ಕಡೆ ವರ್ಷಕ್ಕೆ 7000 ಮಿ.ಮೀ. ದಾಟುವುದುಂಟು. ಆ ಒಂದಷ್ಟು ತಾಲ್ಲೂಕುಗಳನ್ನು ಬಿಟ್ಟರೆ ಬಯಲುಸೀಮೆಯಲ್ಲಿ 1150 ಮಿ.ಮೀ. ಕಂಡ ಊರು ಹುಡುಕಬೇಕು. ಎಲ್ಲ ತಾಲ್ಲೂಕುಗಳನ್ನೂ ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ನಿಲ್ಲಿಸಿ ನಡುವೆ ನಿಂತದ್ದನ್ನು ಹಿಡಿದರೆ, ಅಂದರೆ ಮಧ್ಯಾಂಕ ನೋಡಿದರೆ, ನಾವು ಅಷ್ಟೇನೂ ಒಂಟಿಯಲ್ಲ. ಕೆಲವೇ ದೊಡ್ಡ ಸಂಖ್ಯೆಗಳು ಸರಾಸರಿಯನ್ನು ಎಳೆಯುತ್ತವೆ, ಮಧ್ಯಾಂಕವನ್ನು ಎಳೆಯಲಾರವು. ಪುಸ್ತಕದಲ್ಲಿ ಈ ವಾಕ್ಯ ಹತ್ತು ಸಲ ಓದಿದ್ದರೂ ಆಗುಂಬೆ ಮತ್ತು ಪಾವಗಡವನ್ನು ಅಕ್ಕಪಕ್ಕ ಇಟ್ಟ ಮೇಲೆಯೇ ಅದು ತಲೆಯಲ್ಲಿ ನಿಂತದ್ದು.

ನಮ್ಮ ನಾಲ್ಕು ತಾಲ್ಲೂಕಿನೊಳಗೂ ಮಳೆ ಒಂದೇ ಸಮ ಇಲ್ಲ. ದೇವರಾಯನದುರ್ಗದ ಬೆಟ್ಟಸಾಲಿಗೆ ಹತ್ತಿರವಿರುವ ಕೊರಟಗೆರೆಗೆ ಹೆಚ್ಚು, ಜಯಮಂಗಲಿ ನದಿ ಹುಟ್ಟುವುದೂ ಅಲ್ಲೇ. ಉತ್ತರಕ್ಕೆ ಹೋದಂತೆ ಕಡಿಮೆ. ಆದರೆ 'ಎಷ್ಟು' ಎಂಬುದಕ್ಕಿಂತ ನಮ್ಮನ್ನು ಕಾಡುವುದು 'ಎಷ್ಟು ನಂಬಬಹುದು' ಎಂಬುದು. ಅದಕ್ಕೆ ಸರ್ ಎರಡು ಕಾಲ್ಪನಿಕ ಊರುಗಳನ್ನು ಕೊಟ್ಟರು. ಕೆಳಗಿನವು ನಿಜವಾದ ಅಳತೆಗಳಲ್ಲ, ಲೆಕ್ಕ ಕಲಿಯಲು ಹಾಕಿಕೊಂಡ ಸಂಖ್ಯೆಗಳು.

ಮೊದಲ ಊರಿನಲ್ಲಿ ಐದು ವರ್ಷದ ಮಳೆ ಸೆಂಟಿಮೀಟರಿನಲ್ಲಿ 58, 62, 60, 57, 63. ಎರಡನೆಯ ಊರಿನಲ್ಲಿ 35, 92, 48, 85, 40. ಎರಡರ ಮೊತ್ತವೂ 300, ಸರಾಸರಿಯೂ 60. ಸರಾಸರಿ ಮಾತ್ರ ಬರೆದು ಕಳಿಸಿದರೆ ಎರಡೂ ಊರು ಅವಳಿ ಜವಳಿ. ಈಗ ಪ್ರತಿ ವರ್ಷದ ಮಳೆ ಸರಾಸರಿಯಿಂದ ಎಷ್ಟು ದೂರ ನಿಂತಿದೆ ನೋಡಿ, ಆ ದೂರಗಳ ವರ್ಗ ಮಾಡಿ, ಕೂಡಿಸಿ, ಐದರಿಂದ ಭಾಗಿಸಿ, ವರ್ಗಮೂಲ ತೆಗೆದರೆ ಮೊದಲ ಊರಿನ ಮಾನಕ ವಿಚಲನೆ 2.3 ಸೆಂ.ಮೀ., ಎರಡನೆಯದರದ್ದು 23.7 ಸೆಂ.ಮೀ. ಇದನ್ನು ಸರಾಸರಿಗೆ ಹೋಲಿಸಿ ಶೇಕಡಾದಲ್ಲಿ ಹೇಳಿದರೆ ಅದೇ ಮಾರ್ಪಿನ ಗುಣಾಂಕ. ಮೊದಲನೆಯದಕ್ಕೆ ಸುಮಾರು 4, ಎರಡನೆಯದಕ್ಕೆ ಸುಮಾರು 40.

ಇಲ್ಲಿಗೆ ನಿಲ್ಲಿಸಿದ್ದರೆ ಅದು ಪರೀಕ್ಷೆಯ ಒಂದು ಲೆಕ್ಕ ಅಷ್ಟೇ. ಸರ್ ಇನ್ನೊಂದು ಕೆಲಸ ಹೇಳಿದರು. ಹವಾಮಾನ ಇಲಾಖೆ ಮಳೆಯನ್ನು ಸರಾಸರಿಗೆ ಹೋಲಿಸಿ ಹೆಸರಿಡುತ್ತದೆ: ಶೇ. 19ರ ಒಳಗೆ ಹೆಚ್ಚು ಕಡಿಮೆಯಾದರೆ 'ಸಾಮಾನ್ಯ', ಶೇ. 20ರಿಂದ 59ರವರೆಗೆ ಕಡಿಮೆಯಾದರೆ 'ಕೊರತೆ', ಅಷ್ಟೇ ಹೆಚ್ಚಾದರೆ 'ಅಧಿಕ'. ಈ ಅಳತೆಗೋಲಿನಲ್ಲಿ ಎರಡೂ ಊರುಗಳ ಐದೈದು ವರ್ಷಕ್ಕೆ ಹೆಸರು ಬರೆಯಿರಿ ಎಂದರು. ಮೊದಲ ಊರಿನಲ್ಲಿ ಐದೂ ವರ್ಷ ಸಾಮಾನ್ಯ. ಎರಡನೆಯ ಊರಿನಲ್ಲಿ ಕೊರತೆ, ಅಧಿಕ, ಕೊರತೆ, ಅಧಿಕ, ಕೊರತೆ. ಐದು ವರ್ಷದಲ್ಲಿ ಒಂದೇ ಒಂದು ಸಾಮಾನ್ಯ ವರ್ಷವಿಲ್ಲ! ಸರಾಸರಿ 60 ಎಂದು ಬರೆದುಕೊಂಡ ಊರು 60ರ ಹತ್ತಿರದ ಮಳೆಯನ್ನು ಒಮ್ಮೆಯೂ ನೋಡಿಲ್ಲ. ಮಧ್ಯಾಂಕ ತೆಗೆದರೆ 48. ಪಾವಗಡ ಕಡೆಯಿಂದ ಬರುವ ನಾವು ಮೂವರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಈ ಎರಡನೆಯ ಊರು ಯಾವುದೆಂದು ನಮಗೆ ಯಾರೂ ಹೇಳಬೇಕಾಗಿರಲಿಲ್ಲ.

ಭಾರತದ ಭೂಗೋಳ ಓದಿದವರಿಗೆ ಆ ನಕ್ಷೆ ನೆನಪಿರಬಹುದು. ಪಶ್ಚಿಮ ಕರಾವಳಿ, ಘಟ್ಟಗಳಲ್ಲಿ ಮಳೆಯ ಏರಿಳಿತ ಶೇ. 25ಕ್ಕಿಂತ ಕಡಿಮೆ, ಪಶ್ಚಿಮ ರಾಜಸ್ಥಾನದಲ್ಲಿ ಶೇ. 50ಕ್ಕಿಂತ ಹೆಚ್ಚು. ಮಳೆ ಎಲ್ಲಿ ಕಡಿಮೆಯೋ ಅಲ್ಲಿ ಅದರ ನಂಬಿಕೆಯೂ ಕಡಿಮೆ. ಕಡಿಮೆ ಮಳೆ ಒಂದೇ ಆಗಿದ್ದರೆ ರೈತ ಅದಕ್ಕೆ ತಕ್ಕ ಬೆಳೆ ಇಟ್ಟು ಬದುಕಿಬಿಡುತ್ತಾನೆ. ಒಂದು ವರ್ಷ ಬಂದು ಮೂರು ವರ್ಷ ಕೈಕೊಡುವ ಮಳೆಗೆ ಯಾವ ಬೆಳೆ ಇಡುವುದು?

ಇದನ್ನು ನಮ್ಮ ದಾದಾಗೆ ಹೇಳಿದಾಗ ಅವರಿಗೇನೂ ಆಶ್ಚರ್ಯವಾಗಲಿಲ್ಲ. ಅವರಿಗೆ ಜೂನ್, ಜುಲೈ ಲೆಕ್ಕವೇ ಇಲ್ಲ. ನಮ್ಮ ಕಡೆಯ ಎಲ್ಲ ರೈತರಂತೆ ಅವರದ್ದೂ ಮಘೆ, ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ. ಮನೆಯಲ್ಲಿ ದಖನಿ ಮಾತಾಡುತ್ತಾ ನಡುವೆ "ಉತ್ತರೆ ಕೈ ಬಿಟ್ಟರೆ ಕಡಲೆಕಾಯಿ ಗತಿ ಇಲ್ಲ" ಎಂದು ಕನ್ನಡದಲ್ಲೇ ಹೇಳುತ್ತಾರೆ, ಪಕ್ಕದ ಮನೆಯ ತಾತ ಅದನ್ನೇ ತೆಲುಗಿನಲ್ಲಿ ಹೇಳುತ್ತಾರೆ. ವರ್ಷಕ್ಕೆ 27 ಮಳೆ, ಒಂದೊಂದಕ್ಕೆ 13 ಅಥವಾ 14 ದಿನ. ನಾನು ಇದನ್ನು ಬಹಳ ದಿನ ಬರೀ ವಾಡಿಕೆಯ ಮಾತು ಎಂದುಕೊಂಡಿದ್ದವಳು, ಆವೃತ್ತಿ ಪಟ್ಟಿ ಕಲಿತ ಮೇಲೆ ನೋಡಿದರೆ ಇದು ಅಚ್ಚುಕಟ್ಟಾದ ವರ್ಗಾಂತರ! ತಿಂಗಳ ಲೆಕ್ಕಕ್ಕಿಂತ ಒಂದು ರೀತಿಯಲ್ಲಿ ಮೇಲು ಕೂಡ. ನಮ್ಮಲ್ಲಿ ಮಳೆ ಹೆಚ್ಚು ಬೀಳುವ ತಿಂಗಳು ಸೆಪ್ಟೆಂಬರ್. ಅದರೊಳಗೆ ಹುಬ್ಬೆಯ ಬಹುಪಾಲು, ಉತ್ತರೆ ಪೂರ್ತಿ, ಹಸ್ತದ ತಲೆ ಮೂರೂ ಇವೆ. ಹುಬ್ಬೆಯಲ್ಲಿ ಒಂದು ದಿನ ಧೋ ಎಂದು ಸುರಿದು, ಉತ್ತರೆ ಪೂರ್ತಿ ಒಣಗಿಸಿ, ತಿಂಗಳ ಕೊನೆಗೆ ಮತ್ತೆ ಬಂದರೆ ಸೆಪ್ಟೆಂಬರಿನ ಮೊತ್ತ 'ಸಾಮಾನ್ಯ' ಎಂದೇ ಇರುತ್ತದೆ. ಕಾಯಿ ಕಟ್ಟುವ ಹೊತ್ತಿನಲ್ಲಿ ಬಳ್ಳಿ ಬಾಡಿದ್ದು ಆ ಮೊತ್ತದಲ್ಲಿ ಕಾಣುವುದಿಲ್ಲ. ಬರ ಘೋಷಿಸುವ ಸರ್ಕಾರದ ಕೈಪಿಡಿಯಲ್ಲೂ ಒಟ್ಟು ಮಳೆಯ ಕೊರತೆಯ ಜೊತೆಗೆ ಸತತ ಮೂರು ನಾಲ್ಕು ವಾರಗಳ ಒಣ ಅವಧಿಯನ್ನು ನೋಡಬೇಕೆಂದಿರುವುದು ಇದೇ ಕಾರಣಕ್ಕೆ. 2023ರ ಮುಂಗಾರಿನ ನಂತರ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದಾಗ ಇಂಥ ಅಳತೆಗಳೆಲ್ಲ ಕೆಲಸ ಮಾಡಿದ್ದವು.

ಈಗ ನಮ್ಮ ಮನೆಯ ವಿಷಯ. ವೈ.ಎನ್. ಹೊಸಕೋಟೆ ಕಡೆ ನಮ್ಮದು ಮೂರು ಎಕರೆ ಖುಷ್ಕಿ. ಕೆಂಪು ಮಣ್ಣು, ಕಲ್ಲು ಹೆಚ್ಚು, ಊರಿನ ದಿಣ್ಣೆಯ ಮೇಲಿದೆ. ನಾನು ಓದಲಿಕ್ಕೆಂದು ನಾನಿಯ ಮನೆಯಲ್ಲಿದ್ದರೂ ಬಿತ್ತುವಾಗ, ಕೀಳುವಾಗ ಊರಿಗೆ ಹೋಗಿಯೇ ಹೋಗುತ್ತೇನೆ. ನಾನು ಹತ್ತನೇ ತರಗತಿಯಲ್ಲಿದ್ದ ವರ್ಷ ಅಬ್ಬಾ ಕಡಲೆಕಾಯಿ ಹಾಕಿ ವಿಮೆಯ ಕಂತೂ ಕಟ್ಟಿದ್ದರು. ಕೆರೆಯ ಕೆಳಗಿನ ಬಯಲಿಗೆ ಎರಡು ಹದ ಮಳೆ ಬಿತ್ತು, ನಮ್ಮ ದಿಣ್ಣೆಗೆ ತುಂತುರು. ಕಿತ್ತಾಗ ಬಳ್ಳಿಯಲ್ಲಿ ಕಾಯಿಗಿಂತ ಜೊಳ್ಳೇ ಜಾಸ್ತಿ. ವಿಮೆ ಹಣ ಬರಲಿಲ್ಲ. ಪಕ್ಕದ ಪಂಚಾಯಿತಿಯವರಿಗೆ ಬಂತು. ಊರಿನಲ್ಲಿ ತಲೆಗೊಂದು ಮಾತು: ಯಾರೋ ತಿಂದರು, ಯಾರೋ ಕಾಗದ ಬದಲಿಸಿದರು ಎಂದು. ಅಬ್ಬಾ ಅದನ್ನೇ ನಂಬಿ, "ಇನ್ನು ಒಂದು ಪೈಸೆ ಕಟ್ಟುವುದಿಲ್ಲ" ಎಂದು ಕೂತುಬಿಟ್ಟಿದ್ದರು.

ಈ ವರ್ಷ ಪ್ರಾಯೋಗಿಕ ಪುಸ್ತಕದ ಒಂದು ಅಭ್ಯಾಸಕ್ಕೆ ನಾನು ಬೆಳೆ ವಿಮೆಯ ಲೆಕ್ಕವನ್ನೇ ಆರಿಸಿಕೊಂಡೆ. ನಿಯಮ ಹೀಗಿದೆ. ವಿಮೆ ನೋಡುವುದು ಒಬ್ಬೊಬ್ಬರ ಹೊಲವನ್ನಲ್ಲ. ಮುಖ್ಯ ಬೆಳೆಗಾದರೆ ಗ್ರಾಮ ಪಂಚಾಯಿತಿ, ಉಳಿದವಕ್ಕೆ ಹೋಬಳಿ, ಅಷ್ಟು ಪ್ರದೇಶಕ್ಕೆ ಒಂದೇ ಇಳುವರಿ. ಆ ಇಳುವರಿಯನ್ನು ಬೆಳೆ ಕಟಾವು ಪ್ರಯೋಗದಿಂದ ಕಂಡುಹಿಡಿಯುತ್ತಾರೆ. ಒಂದು ಪಂಚಾಯಿತಿಗೆ ಕನಿಷ್ಠ ನಾಲ್ಕು ಪ್ರಯೋಗ. ಯಾವ ಸರ್ವೆ ನಂಬರಿನ ಹೊಲ, ಹೊಲದ ಯಾವ ಮೂಲೆ ಎಂಬುದೂ ಚೀಟಿ ಎತ್ತಿದ ಹಾಗೆ ತೀರ್ಮಾನವಾಗಬೇಕು. ಅಲ್ಲಿ ಸಾಮಾನ್ಯವಾಗಿ ಐದು ಮೀಟರ್ ಉದ್ದ, ಐದು ಮೀಟರ್ ಅಗಲ ಹಗ್ಗ ಹಿಡಿದು, ಅದರೊಳಗಿನ ಬೆಳೆ ಕಿತ್ತು ತೂಗುತ್ತಾರೆ. ಇದು ನಿನ್ನೆ ಮೊನ್ನೆಯ ಪದ್ಧತಿಯಲ್ಲ. ಪ್ರಶಾಂತಚಂದ್ರ ಮಹಾಲನೋಬಿಸ್ ಒಂದು ಕಡೆ, ಪಿ.ವಿ. ಸುಖಾತ್ಮೆ ಮತ್ತು ವಿ.ಜಿ. ಪಾನ್ಸೆ ಇನ್ನೊಂದು ಕಡೆ 1940ರ ದಶಕದಲ್ಲಿ ಇದನ್ನು ಬೆಳೆಸಿದರು. ಹಗ್ಗ ಹಿಡಿಯುವ ಜಾಗ ಎಷ್ಟು ದೊಡ್ಡದಿರಬೇಕು ಎಂಬುದರ ಮೇಲೆ ಅವರಿಗೆ ದೊಡ್ಡ ವಾದವೇ ನಡೆದಿತ್ತು. ಜೂನ್ 29ರಂದು ನಾವು ಆಚರಿಸುವ ಸಂಖ್ಯಾಶಾಸ್ತ್ರ ದಿನ ಈ ಮಹಾಲನೋಬಿಸ್ ಅವರ ಹುಟ್ಟುಹಬ್ಬ.

ಇನ್ನು ಹೋಲಿಸುವುದು ಯಾವುದಕ್ಕೆ? ಹಿಂದಿನ ಏಳು ವರ್ಷದ ಇಳುವರಿಯಲ್ಲಿ ಒಳ್ಳೆಯ ಐದನ್ನು ಆರಿಸಿ, ಅವುಗಳ ಸರಾಸರಿ ತೆಗೆದು, ಅದರ ಶೇ. 70, 80 ಅಥವಾ 90ನ್ನು ಗಡಿಯಾಗಿ ಇಡುತ್ತಾರೆ. ಈ ವರ್ಷದ ಇಳುವರಿ ಗಡಿಗಿಂತ ಕೆಳಗಿದ್ದರೆ ಎಷ್ಟು ಪಾಲು ಕಡಿಮೆಯೋ ವಿಮೆ ಮೊತ್ತದ ಅಷ್ಟು ಪಾಲು ಎಲ್ಲರಿಗೂ ಸಿಗುತ್ತದೆ. ಮೇಲಿದ್ದರೆ ಯಾರಿಗೂ ಇಲ್ಲ.

ನಾನು ಅಬ್ಬಾಗೆ ತೋರಿಸಲು ನನ್ನದೇ ಸಂಖ್ಯೆಗಳನ್ನು ಹಾಕಿಕೊಂಡೆ. ಏಳು ವರ್ಷ ಎಕರೆಗೆ ಇಷ್ಟು ಕೆ.ಜಿ. ಎಂದು: 300, 420, 150, 450, 380, 200, 350. ಏಳೂ ಸೇರಿಸಿದರೆ ಸರಾಸರಿ 321. ಕೆಟ್ಟ ಎರಡು ವರ್ಷ ಬಿಟ್ಟು ಒಳ್ಳೆಯ ಐದನ್ನು ತೆಗೆದುಕೊಂಡರೆ 380. ಇಲ್ಲಿ ನಿಯಮ ರೈತನ ಕಡೆಗೇ ವಾಲಿದೆ. ಇಲ್ಲದಿದ್ದರೆ ಬರದ ಮೇಲೆ ಬರ ಬಂದ ತಾಲ್ಲೂಕಿನಲ್ಲಿ ಬರವೇ ಸರಾಸರಿಯಾಗಿಬಿಡುತ್ತಿತ್ತು. 380ರ ಶೇ. 80 ಅಂದರೆ 304. ಇದು ಗಡಿ. ಈ ವರ್ಷದ ನಾಲ್ಕು ಪ್ರಯೋಗದಲ್ಲಿ 500, 450, 400, 90 ಬಂತು ಎಂದುಕೊಳ್ಳೋಣ. ಸರಾಸರಿ 360. ಗಡಿಗಿಂತ ಮೇಲೆ.

ಅಬ್ಬಾ ಸುಮ್ಮನೆ ಕೇಳುತ್ತಿದ್ದವರು, "ಬೇಟಾ, ನಮ್ಮ ಹೊಲ ಆ ನಾಲ್ಕರಲ್ಲಿ ಇರಲಿಲ್ಲ, ಅದಕ್ಕೇ ಹೀಗಾಯಿತು ಅನ್ನು" ಎಂದರು.

"ಇದ್ದಿದ್ದರೂ ಬರುತ್ತಿರಲಿಲ್ಲ ಅಬ್ಬಾ. ಆ 90 ಇದೆಯಲ್ಲ, ಅದೇ ನಮ್ಮ ಹೊಲ ಅಂದುಕೊಳ್ಳಿ."

ಅವರು ಕಾಗದ ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. "ಇನ್ನೊಂದು ದಿಣ್ಣೆ ಹೊಲ ಸಿಕ್ಕಿದ್ದರೆ?" ಎಂದು ಕೇಳಿದರು. ಮೂರನೆಯ ಸಂಖ್ಯೆ ಹೊಡೆದು ಅಲ್ಲೂ 90 ಬರೆದೆ. 500, 450, 90, 90. ಸರಾಸರಿ 282.5. ಗಡಿಗಿಂತ ಶೇ. 7ರಷ್ಟು ಕೆಳಗೆ. ಆಗ ಊರಿನ ಎಲ್ಲರಿಗೂ ವಿಮೆ ಮೊತ್ತದ ನೂರಕ್ಕೆ ಏಳು ರೂಪಾಯಿಯಂತೆ ಬರುತ್ತದೆ, 500 ಕೆ.ಜಿ. ಬೆಳೆದವನಿಗೂ ಅಷ್ಟೇ, ನಮಗೂ ಅಷ್ಟೇ. ಅಬ್ಬಾ ನಕ್ಕರು. ಸಂತೋಷದ ನಗೆ ಏನಲ್ಲ. ಆದರೂ ಯಾರೋ ತಿಂದರು ಎಂಬ ಮಾತು ಆ ದಿನದಿಂದ ನಮ್ಮ ಮನೆಯಲ್ಲಿ ನಿಂತಿದೆ.

ಸರಾಸರಿಯ ಬದಲು ಮಧ್ಯಾಂಕ ಹಾಕಿದ್ದರೆ ಬಡವನಿಗೆ ನ್ಯಾಯ ಸಿಗುತ್ತಿತ್ತು ಎಂದು ನನ್ನ ಗೆಳತಿ ವಾದಿಸಿದಳು. ಆಗುಂಬೆಯ ಪಾಠ ಅವಳ ತಲೆಯಲ್ಲಿತ್ತು. ಆದರೆ 500, 450, 400, 90ರ ಮಧ್ಯಾಂಕ 425. ಸರಾಸರಿಯಲ್ಲಿ ನಮ್ಮ 90 ಕೊಂಚವಾದರೂ ಒಟ್ಟನ್ನು ಕೆಳಕ್ಕೆ ಎಳೆದಿತ್ತು, ಮಧ್ಯಾಂಕದಲ್ಲಿ ಅದರ ಸುಳಿವೇ ಇಲ್ಲ. ದೊಡ್ಡವರನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಮಧ್ಯಾಂಕ ಚಿಕ್ಕವರನ್ನೂ ತೆಗೆದುಕೊಳ್ಳುವುದಿಲ್ಲ. ಯಾವ ಅಳತೆ ಒಳ್ಳೆಯದು ಎಂದು ಕೇಳಿದರೆ, ಯಾವ ಪ್ರಶ್ನೆಗೆ ಎಂದು ತಿರುಗಿ ಕೇಳಬೇಕಾಗುತ್ತದೆ.

ಪ್ರತಿ ಹೊಲವನ್ನೂ ಅಳೆಯಬಹುದಲ್ಲ ಎನ್ನುವವರಿಗೆ ಒಂದು ಮಾತು. ಒಂದು ಪಂಚಾಯಿತಿಯಲ್ಲಿ ಸಾವಿರಾರು ತುಂಡು ಹೊಲಗಳಿರುತ್ತವೆ, ಕೀಳುವ ಕೆಲಸ ಹದಿನೈದು ದಿನದೊಳಗೆ ಮುಗಿಯುತ್ತದೆ. ಅಷ್ಟು ಹೊಲಕ್ಕೂ ಹಗ್ಗ ಹಿಡಿಯುವ ಜನ ಎಲ್ಲಿದ್ದಾರೆ? ಹಾಗಾಗಿ ಮಾದರಿ ಬೇಕೇ ಬೇಕು. ನನ್ನ ಪ್ರಶ್ನೆ ಬೇರೆ: ದಿಣ್ಣೆಗೂ ಬಯಲಿಗೂ ಇಷ್ಟು ಅಂತರವಿರುವ ಕಡೆ ನಾಲ್ಕು ಪ್ರಯೋಗ ಸಾಕೇ? ಎಲ್ಲ ಹೊಲವೂ ಒಂದೇ ಥರ ಇರುವ ಊರಿಗೆ ನಾಲ್ಕು ಸಾಕು. ಚದುರುವಿಕೆ ಹೆಚ್ಚಿದ್ದರೆ ಮಾದರಿಯೂ ಹೆಚ್ಚಬೇಕು ಎಂಬುದು ಸಂಖ್ಯಾಶಾಸ್ತ್ರದ ಮೊದಲ ಪಾಠಗಳಲ್ಲಿ ಒಂದು. ಒಂದು ಉಪಯೋಗದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆಲಿಕಲ್ಲು ಬಿದ್ದು ಅಥವಾ ನೀರು ನಿಂತು ಬೆಳೆ ಹಾಳಾದಂಥ ಕೆಲವು ಸಂದರ್ಭಗಳಲ್ಲಿ ಮಾತ್ರ ಒಬ್ಬೊಬ್ಬರ ಹೊಲವನ್ನು ಬೇರೆಯಾಗಿ ನೋಡುವ ಅವಕಾಶ ವಿಮೆಯಲ್ಲಿದೆ. ಅದಕ್ಕೆ 72 ಗಂಟೆಯೊಳಗೆ ತಿಳಿಸಬೇಕು. ಮನೆಯಲ್ಲಿ ಹೇಳಿಡಿ. ಒಣ ಬರಕ್ಕೆ ಈ ಅವಕಾಶ ಇಲ್ಲ.

ಅಬ್ಬಾ ಈ ವರ್ಷ ಕಂತು ಕಟ್ಟಿದ್ದಾರೆ. ನನ್ನ ಲೆಕ್ಕ ಒಪ್ಪಿ ಕಟ್ಟಿದರೋ, ಪಕ್ಕದ ಮನೆಯ ತಾತ ಕಟ್ಟಿದ್ದನ್ನು ನೋಡಿ ಕಟ್ಟಿದರೋ ಕೇಳಿಲ್ಲ.

ಇದೇ ಲೆಕ್ಕವನ್ನು ಹಿಡಿದು ನಾಗಲಮಡಿಕೆ ಹೋಬಳಿಯ ಕಡೆ ನೋಡಿದರೆ ಇನ್ನೊಂದು ಚಿತ್ರ ಸಿಗುತ್ತದೆ. ತಿರುಮಣಿ, ವಳ್ಳೂರು ಸೇರಿ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ. 2018ರ ಮಾರ್ಚಿನಲ್ಲಿ ಚಾಲನೆ ಸಿಕ್ಕಿತು, 2019ರ ಕೊನೆಗೆ ಪೂರ್ತಿಯಾಯಿತು. ಭೂಮಿಯನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ತೆಗೆದುಕೊಂಡರು: ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಒಳ್ಳೆಯ ಮಳೆಯ ವರ್ಷ, ಒಳ್ಳೆಯ ಬೆಲೆ ಸಿಕ್ಕರೆ ಕಡಲೆಕಾಯಿ ಇದಕ್ಕಿಂತ ಹೆಚ್ಚು ಕೊಡಬಹುದು ಎಂದು ನಮ್ಮಲ್ಲಿ ಚರ್ಚೆ ನಡೆಯುತ್ತದೆ. ಆದರೂ ಅಷ್ಟು ಜನ ಯಾಕೆ ಒಪ್ಪಿದರು? ನನ್ನ ಪ್ರಕಾರ ಉತ್ತರ ಸರಾಸರಿಯಲ್ಲಿಲ್ಲ, ವಿಚಲನೆಯಲ್ಲಿದೆ. ಗುತ್ತಿಗೆಯ ಹಣಕ್ಕೆ ಏರಿಳಿತವೇ ಇಲ್ಲ. ಉತ್ತರೆ ಬರಲಿ ಬಿಡಲಿ ಅದು ಬರುತ್ತದೆ. ಮಳೆಯ ಮಾರ್ಪಿನ ಗುಣಾಂಕ ಇಷ್ಟಿರುವ ಊರಿನಲ್ಲಿ ಏರಿಳಿತವಿಲ್ಲದ ಒಂದು ರೂಪಾಯಿಗೆ ಬೇರೆಯದೇ ಬೆಲೆ. ಆದರೆ ಆ ಹಣ ಎಕರೆ ಲೆಕ್ಕದ್ದು. ಎಕರೆಯೇ ಇಲ್ಲದೆ ಕಳೆ ಕೀಳುವ, ಕಾಯಿ ಬಿಡಿಸುವ ಕೂಲಿಯಲ್ಲಿ ಬದುಕುವವರ ಹೆಸರು ಈ ಸರಾಸರಿಯಲ್ಲೂ ಇಲ್ಲ, ವಿಚಲನೆಯಲ್ಲೂ ಇಲ್ಲ.

ನಕ್ಷೆಯ ಕೆಲಸದಲ್ಲೂ ಒಂದು ಸ್ವಾರಸ್ಯ ಸಿಕ್ಕಿತು. ನಾಲ್ಕು ತಾಲ್ಲೂಕು ಕೇಂದ್ರಗಳನ್ನು ಚುಕ್ಕೆಯಾಗಿಟ್ಟು, ಎರಡೆರಡು ಚುಕ್ಕೆಗಳ ನಡುವೆ ಲಂಬಾರ್ಧಕ ಎಳೆದರೆ ಪ್ರತಿ ಮಳೆಮಾಪಕದ ಪಾಲಿಗೆ ಒಂದು ಬಹುಭುಜ ಸಿಗುತ್ತದೆ. ಅದರ ವಿಸ್ತೀರ್ಣವೇ ಆ ಮಾಪಕದ ತೂಕ. 1911ರಲ್ಲಿ ಥೀಸೆನ್ ಎಂಬುವರು ಹೇಳಿಕೊಟ್ಟ ಉಪಾಯ ಇದು. ಸ್ಕೇಲು, ಕೈವಾರ ಇದ್ದರೆ ಸಾಕು. ನಮ್ಮ ಹಾಳೆಯಲ್ಲಿ ಪಾವಗಡದ ಬಹುಭುಜಕ್ಕೆ ಉತ್ತರ ಪೂರ್ವಗಳಲ್ಲಿ ಅಂಚೇ ಸಿಗಲಿಲ್ಲ, ಸೀದಾ ಆಂಧ್ರಕ್ಕೆ ಹೋಯಿತು. ಪಾವಗಡವನ್ನು ಬಹುಪಾಲು ಆಂಧ್ರವೇ ಸುತ್ತುವರಿದಿದೆಯಲ್ಲ. ಮಡಕಶಿರಾ, ಹಿಂದೂಪುರದ ಮಳೆ ಗೊತ್ತಿಲ್ಲದೆ ಪಾವಗಡದ ಮಳೆಯ ನಕ್ಷೆ ಪೂರ್ತಿಯಾಗುವುದಿಲ್ಲ. ಆದರೆ ಆ ಅಂಕಿಗಳು ಇರುವುದು ಇನ್ನೊಂದು ರಾಜ್ಯದ ಪುಸ್ತಕದಲ್ಲಿ. ರಾಜ್ಯದ ಗಡಿ ಮೋಡಕ್ಕೆ ಗೊತ್ತಿಲ್ಲ, ಅಂಕಿ ಅಂಶದ ಪುಸ್ತಕಕ್ಕೆ ಗೊತ್ತು.

ಕುಡಿಯುವ ನೀರಿನ ಫ್ಲೋರೈಡ್ ಬಗ್ಗೆಯೂ ಒಂದು ಗುಂಪು ಕೆಲಸ ಮಾಡುತ್ತಿದೆ. ಲೀಟರಿಗೆ 1.5 ಮಿಲಿಗ್ರಾಂ ಮೇಲಿನ ಮಿತಿ. ಹತ್ತು ಕೊಳವೆಬಾವಿಗಳ ಸರಾಸರಿ ಮಿತಿಯೊಳಗಿದ್ದರೂ ಹತ್ತನೆಯ ಬಾವಿಯ ನೀರು ಕುಡಿಯುವ ಹಟ್ಟಿಯ ಮಕ್ಕಳಿಗೆ ಆ ಸರಾಸರಿಯಿಂದ ಪ್ರಯೋಜನವಿಲ್ಲ, ಅಲ್ಲಿ ನೋಡಬೇಕಾದ್ದು ಗರಿಷ್ಠ ಬೆಲೆಯನ್ನು. ಹಾಗೆಯೇ 2002ರಲ್ಲಿ ವರದಿ ಕೊಟ್ಟ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 35 ಸೂಚಕಗಳನ್ನು ಒಂದು ಸಂಖ್ಯೆಗೆ ಇಳಿಸಿ, ರಾಜ್ಯದ ಸರಾಸರಿಯನ್ನು 1 ಎಂದಿಟ್ಟು ಅಂದಿನ 175 ತಾಲ್ಲೂಕುಗಳನ್ನು ಅಳೆದಿತ್ತು. 114 ಹಿಂದುಳಿದವು, ಅದರಲ್ಲಿ 39 ಅತ್ಯಂತ ಹಿಂದುಳಿದವು ಎಂದಿತು. ಮಧುಗಿರಿ, ಶಿರಾ, ಪಾವಗಡ ಮೂರೂ ಆ 39ರಲ್ಲಿದ್ದವು. ಆ ಒಂದು ಸಂಖ್ಯೆಯಿಂದ ಅನುದಾನದ ದಾರಿ ತೆರೆಯಿತು, ನಿಜ. ತಾಲ್ಲೂಕಿನೊಳಗಿನ ಯಾವ ಹೋಬಳಿ ಎಷ್ಟು ಹಿಂದೆ ಎಂಬುದು ನಮ್ಮಂಥವರು ಮಾಡಬೇಕಾದ ಲೆಕ್ಕ.

ಅದಕ್ಕೆ ಮೊದಲು ಅಳತೆ ಬೇಕು. ಈಗ ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಸ್ವಯಂಚಾಲಿತ ಮಳೆಮಾಪಕಗಳಿವೆ. ಆದರೂ ನಮ್ಮ ದಿಣ್ಣೆಯ ಮಳೆ ನಮಗೆ ಬೇಕೆಂದು ನಾನು ಮನೆಯ ಹಿಂದೆ ಒಂದು ಡಬ್ಬಿ ಇಟ್ಟಿದ್ದೇನೆ. ಬಾಯಿ ಮತ್ತು ತಳ ಒಂದೇ ಅಗಲವಿರುವ, ಅಂಚು ನೆಟ್ಟಗಿರುವ ಯಾವ ಡಬ್ಬಿಯಾದರೂ ಆಗುತ್ತದೆ. ಗೋಡೆ, ಮರದ ಎತ್ತರದ ಎರಡರಷ್ಟು ದೂರದಲ್ಲಿ, ಅಲುಗದಂತೆ ಇಡಬೇಕು. ದಿನಾ ಬೆಳಿಗ್ಗೆ 8.30ಕ್ಕೆ ಸ್ಕೇಲು ಇಳಿಸಿ ಮಿ.ಮೀ. ಓದಿ ಬರೆದು ನೀರು ಚೆಲ್ಲಬೇಕು. ಹವಾಮಾನ ಇಲಾಖೆ ಓದುವುದೂ ಅದೇ ಹೊತ್ತಿಗೆ. 2.5 ಮಿ.ಮೀ. ಅಥವಾ ಹೆಚ್ಚಿದ್ದರೆ ಅದು ಮಳೆ ದಿನ. ಮಳೆ ಇಲ್ಲದ ದಿನ ಸೊನ್ನೆ ಬರೆಯುವುದನ್ನು ಬಿಡಬೇಡಿ. ಖಾಲಿ ಬಿಟ್ಟರೆ ಮಳೆ ಬರಲಿಲ್ಲವೋ, ನೀವು ನೋಡಲಿಲ್ಲವೋ ಆಮೇಲೆ ಗೊತ್ತಾಗುವುದಿಲ್ಲ. ಒಂದು ಮಿ.ಮೀ. ಎಂದರೆ ಚದರ ಮೀಟರಿಗೆ ಒಂದು ಲೀಟರು, ಎಕರೆಗೆ ನಾಲ್ಕು ಸಾವಿರ ಲೀಟರು, ಹೆಚ್ಚು ಕಡಿಮೆ ಟ್ರ್ಯಾಕ್ಟರಿನ ಒಂದು ಟ್ಯಾಂಕರು. ಇದನ್ನು ಕೇಳಿದ ಮೇಲೆ ನಮ್ಮ ದಾದಾ ಡಬ್ಬಿಯ ಹತ್ತಿರ ಕೋಳಿ ಹೋಗದಂತೆ ತಾವೇ ಕಾಯುತ್ತಾರೆ. ನಾನು ಮಧುಗಿರಿಯಲ್ಲಿರುವ ದಿನ ಓದುವುದೂ ಅವರೇ, ಫೋನಿನಲ್ಲಿ ಹೇಳುತ್ತಾರೆ, ತಾರೀಖು ಹೇಳದೆ ಮಳೆಯ ಹೆಸರು ಹೇಳಿ ಎಷ್ಟನೆಯ ದಿನ ಎನ್ನುತ್ತಾರೆ. ಅದನ್ನು ತಾರೀಖಿಗೆ ಬದಲಿಸುವ ಒಂದು ಪಟ್ಟಿಯೇ ನನ್ನ ಪುಸ್ತಕದ ಕೊನೆಯ ಹಾಳೆಯಲ್ಲಿದೆ.

ಸದ್ಯ ಪಾವಗಡದಿಂದ ಮೂರು ಡಬ್ಬಿ, ಶಿರಾದಿಂದ ಎರಡು, ಮಧುಗಿರಿಯಿಂದ ನಾಲ್ಕು, ಕಾಲೇಜಿನ ತಾರಸಿಯ ಮೇಲೆ ಒಂದು. ಕೊರಟಗೆರೆ ಕಡೆಯಿಂದ ಒಂದೂ ಇಲ್ಲ. ಅಲ್ಲಿಂದ ಬರುವ ಪ್ರಥಮ ಪಿಯುಸಿಯವರು ಯಾರಾದರೂ ಇದ್ದರೆ ಭೂಗೋಳ ವಿಭಾಗದಲ್ಲಿ ನಮ್ಮನ್ನು ಕಾಣಿ. ಹುಬ್ಬೆ ಶುರುವಾಗುವುದು ಆಗಸ್ಟ್ 30ರ ಹೊತ್ತಿಗೆ, ಅಷ್ಟರೊಳಗೆ ಬಂದರೆ ಸಾಕು. ಡಬ್ಬಿ ನಾವೇ ಕೊಡುತ್ತೇವೆ, ಸ್ಕೇಲು ನೀವು ತನ್ನಿ.